ಫೋರ್ಕಿನ ಎಣ್ಣೆ: ಬೊರಿವಲಿಯ ಒಂದು ವರ್ಷದ ಲೆಕ್ಕ

ಮೌಂಟನ್ ಬೈಕಿನ ಫೋರ್ಕ್ ಸರ್ವಿಸ್ ದುಬಾರಿ ಎಂದು ಮುಂದೂಡುವವರು ಮೊದಲು ಎಣ್ಣೆಯ ಲೆಕ್ಕ ನೋಡಬೇಕು. ಗಾಳಿ ತುಂಬುವ ಫೋರ್ಕಿನ ಕೆಳಕಾಲುಗಳಲ್ಲಿ ಸೀಲು, ಬುಷ್‌ಗಳನ್ನು ಒದ್ದೆಯಾಗಿಡುವ ಎಣ್ಣೆ ಮಾದರಿಗೆ ತಕ್ಕಂತೆ ಕಾಲಿಗೆ 5ರಿಂದ 40 ಮಿ.ಲೀ. ಇರುತ್ತದೆ. 15 ಎಂದು ಹಿಡಿಯೋಣ: ಎರಡು ಕಾಲಿಗೆ 30 ಮಿ.ಲೀ. ಲೀಟರಿಗೆ 1,000 ರೂಪಾಯಿ ದರ ಹಾಕಿದರೆ ಒಂದು ಸಲಕ್ಕೆ 30 ರೂಪಾಯಿ.

ಎಷ್ಟು ಸಲ? ರಾಕ್‌ಶಾಕ್ಸ್ ತನ್ನ ಬಹುತೇಕ ಫೋರ್ಕ್‌ಗಳಿಗೆ 50 ಗಂಟೆ ಓಟಕ್ಕೊಮ್ಮೆ ಕೆಳಕಾಲಿನ ಸರ್ವಿಸ್, 200 ಗಂಟೆಗೊಮ್ಮೆ ಫೋರ್ಕಿನ ಏರಿಳಿತದ ವೇಗ ತಡೆಯುವ ಡ್ಯಾಂಪರಿನ ಸರ್ವಿಸ್ ಹೇಳುತ್ತದೆ. ಎಸ್.ಆರ್. ಸನ್‌ಟೂರ್ 50 ಮತ್ತು 100 ಗಂಟೆ ಎನ್ನುತ್ತದೆ. ಫಾಕ್ಸ್ ಪೂರ್ತಿ ಸರ್ವಿಸ್‌ಗೆ 125 ಗಂಟೆ ಅಥವಾ ಒಂದು ವರ್ಷ. ಬೊರಿವಲಿಯ ನ್ಯಾಷನಲ್ ಪಾರ್ಕ್ ಗೇಟಿನಿಂದ ಕಾನ್ಹೇರಿ ಗುಹೆಗಳಿಗೆ ಸುಮಾರು 6–7 ಕಿ.ಮೀ. ಏರುದಾರಿ. ವಾರಕ್ಕೆ ಎರಡು ಬೆಳಿಗ್ಗೆ, ತಲಾ ಒಂದೂವರೆ ಗಂಟೆ ತುಳಿದರೆ ವಾರಕ್ಕೆ 3, ವರ್ಷಕ್ಕೆ 156 ಗಂಟೆ. ಅಕ್ಟೋಬರ್–ಮೇ ತಿಂಗಳ 35 ವಾರಗಳಲ್ಲಿ 105 ಗಂಟೆ, ಅಂದರೆ ಎರಡು ಸರ್ವಿಸ್.

ಮಳೆಗಾಲದ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಉಪನಗರಗಳಲ್ಲಿ 2,000 ಮಿ.ಮೀ.ಗೂ ಹೆಚ್ಚು ಮಳೆ. ಕೆಸರು ನೀರು ಸೀಲಿನ ಅಂಚಿನಲ್ಲಿ ಕೂತು ಎಣ್ಣೆಗೆ ಇಳಿಯುತ್ತದೆ. ದೋಣಿಯಲ್ಲಿ ಗೋರಾಯಿಗೆ ದಾಟಿ ಸಮುದ್ರದಂಡೆಯಲ್ಲಿ ಓಡಿಸುವವರಿಗೆ ಉಪ್ಪುಮರಳೂ ಸೇರುತ್ತದೆ. ಆ ನಾಲ್ಕು ತಿಂಗಳ 51 ಗಂಟೆಗೆ 25 ಗಂಟೆಗೊಮ್ಮೆ ಎಂದು ನಾನು ಲೆಕ್ಕ ಹಾಕುತ್ತೇನೆ: ಇನ್ನೆರಡು ಸರ್ವಿಸ್. ಒಟ್ಟು ನಾಲ್ಕು, 120 ಮಿ.ಲೀ., 120 ರೂಪಾಯಿ. ಸಲಕ್ಕೆ 500 ರೂಪಾಯಿ ಕೂಲಿ ಹಿಡಿದರೂ ಅದು 2,000. ಇದನ್ನು ಉಳಿಸಲು ಹೋಗಿ ಮೇಲಿನ ಹೊಳಪು ಕೊಳವೆಗೆ ಗೀರು ಬಿದ್ದರೆ, ಎಷ್ಟು ಸೀಲು ಬದಲಿಸಿದರೂ ಸೋರಿಕೆ ನಿಲ್ಲದು.

ಡ್ಯಾಂಪರಿನ ಎಣ್ಣೆಯಲ್ಲಿ ಮೋಸಹೋಗುವುದು ಬಾಟಲಿಯ ಮೇಲಿನ ‘5ಡಬ್ಲ್ಯೂ’ ನಂಬಿ. ಫೋರ್ಕ್ ಎಣ್ಣೆಗಳಲ್ಲಿ ಆ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಂದು ಕಂಪನಿಯ 5ಡಬ್ಲ್ಯೂ 40 ಡಿಗ್ರಿಯಲ್ಲಿ ಸುಮಾರು 16 ಸೆಂಟಿಸ್ಟೋಕ್, ಇನ್ನೊಂದರದು 26 ದಾಟುತ್ತದೆ. ಒಂದೇ ಹೆಸರು, ಶೇಕಡಾ ಅರವತ್ತಕ್ಕೂ ಹೆಚ್ಚು ವ್ಯತ್ಯಾಸ. ದಪ್ಪದ್ದನ್ನು ಹಾಕಿದ ಮೇಲೆ ರಿಬೌಂಡ್ ಗುಂಡಿಯನ್ನು ಪೂರ್ತಿ ಬಿಚ್ಚಿದರೂ ಫೋರ್ಕ್ ನಿಧಾನವಾಗಿಯೇ ಮೇಲೇಳಬಹುದು. ಆದ್ದರಿಂದ ಬಾಟಲಿಯ ಮಾಹಿತಿಪತ್ರದಲ್ಲಿ 40 ಡಿಗ್ರಿಯ ಸೆಂಟಿಸ್ಟೋಕ್ ಅಂಕಿ ಹುಡುಕಿ, ಹಳೆಯ ಎಣ್ಣೆಯ ಅಂಕಿಗೆ ಹೊಂದಿಸಿ. ಮೋಟಾರ್‌ಸೈಕಲ್ಲಿನ 20ಡಬ್ಲ್ಯೂ-40 ಎಂಜಿನ್ ಆಯಿಲ್ ಅದೇ ತಾಪದಲ್ಲಿ 100 ಸೆಂಟಿಸ್ಟೋಕ್‌ಗೂ ಮೇಲೆ. ಗ್ಯಾರೇಜಿನವರು ಪ್ರೀತಿಯಿಂದ ಕೊಟ್ಟರೂ ಡ್ಯಾಂಪರಿಗೆ ಬೇಡ. ಒಂದು ಅನುಕೂಲ ನಮಗಿದೆ: ಹಿಮ ಬೀಳುವ ಊರಿನವರಂತೆ ಚಳಿಗೆಂದು ತೆಳು ಎಣ್ಣೆ ಬದಲಿಸುವ ಕೆಲಸ ಮುಂಬಯಿಯಲ್ಲಿಲ್ಲ.

ಎಣ್ಣೆ, ಗಾಳಿ ಒಟ್ಟಿಗಿರುವ ತೆರೆದ ಡ್ಯಾಂಪರಿಗೆ 110 ಮಿ.ಲೀ. ಎಂದುಕೊಂಡರೆ, 200 ಗಂಟೆಗೆ, ಅಂದರೆ ಸುಮಾರು 15 ತಿಂಗಳಿಗೊಮ್ಮೆ 110 ರೂಪಾಯಿ. ನಿಮ್ಮ ಮಾದರಿಯ ನಿಖರ ಪ್ರಮಾಣ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಹೆಚ್ಚು ಸುರಿದರೆ ಒಳಗಿನ ಗಾಳಿಯ ಜಾಗ ಕುಗ್ಗಿ ಕೊನೆಯ ಒತ್ತು ಗಟ್ಟಿಯಾಗುತ್ತದೆ. ಔಷಧಿ ಅಂಗಡಿಯ ಸಿರಿಂಜ್ ಅಳತೆಗೆ ಸಾಕು.

ಅಗ್ಗದ ಸ್ಪ್ರಿಂಗ್ ಫೋರ್ಕ್‌ಗಳ ಸಂಗತಿ ಚಿಕ್ಕದು. ಅವುಗಳಲ್ಲಿ ಹೆಚ್ಚಿನವಕ್ಕೆ ಎಣ್ಣೆಯೇ ಇಲ್ಲ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿದರೆ ಆಯಿತು.

ಡ್ಯಾಂಪರಿನ ಎಣ್ಣೆ ತೆಳು, ಕೆಳಕಾಲಿನದು ಸಾಮಾನ್ಯವಾಗಿ ದಪ್ಪ. ಎರಡು ಬಾಟಲಿ ಬೇಕು. ಕೆಳಕಾಲಿನ ಒಂದು ಲೀಟರ್ 8 ಸೈಕಲ್‌ಗಳಿಗೆ ವರ್ಷವಿಡೀ ಸಾಲುತ್ತದೆ, ಡ್ಯಾಂಪರಿನ ಲೀಟರ್ 9 ಫೋರ್ಕ್‌ಗಳಿಗೆ. ಸೊಸೈಟಿಯ ಎಂಟು ಸವಾರರು ಸೇರಿ ಕೊಂಡರೆ ತಲೆಗೆ 250 ರೂಪಾಯಿ. ಹೊರಬಂದ ಕಪ್ಪು ಎಣ್ಣೆಯನ್ನು ಒಂದೇ ಡಬ್ಬಿಯಲ್ಲಿ ಕೂಡಿಟ್ಟು, ಹಳೆ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.