ಹಿಮ್ಮೇಳದ ಗಂಟಲು ಕಲಿಯೋದು ಹ್ಯಾಂಗ?

ಗೀಗೀ ಪದದ ಹಿಮ್ಮೇಳದವರು ‘ಗೀ ಗೀ’ ಅಂತ ಎಳೀತಾರಲ್ಲ, ಅದರ ಅರ್ಥ ಏನು ಅಂತ ಯಾರನ್ನೂ ಕೇಳಬ್ಯಾಡ್ರಿ. ಅರ್ಥ ಇಲ್ಲ, ಕೆಲಸ ಅದ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿ ಪೋವಾಡದಲ್ಲಿ ಝೀಲಕರಿಗಳ ‘ಜೀ ಜೀ’ ಕೇಳಿದವರು ನಾವು. ತೆಲುಗು ಬಲ್ಲವರಿಗೆ ಬುರ್ರಕಥೆಯ ವಂತಗಳ ‘ತಂದಾನ’ವೂ ಹೊಸದಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯವೇ; ಗಡಿ ಸರಿಯಿತು, ಕಿವಿ ಸರಿಯಲಿಲ್ಲ.

ಇಂಥದೇ ಪದ್ಧತಿ ಅಮೆರಿಕದಲ್ಲೂ ಬೆಳೆಯಿತು. 1950ರ ಸುಮಾರಿಗೆ ನ್ಯೂಯಾರ್ಕ್, ಫಿಲಡೆಲ್ಫಿಯಾ ಶಹರಗಳ ಓಣಿ ಮೂಲೆಯಲ್ಲಿ ಆಫ್ರಿಕನ್ ಮೂಲದ ಬಡ ಹುಡುಗರು ಹಾಡುತ್ತಿದ್ದ ಆ ರೀತಿಗೆ ‘ಡೂ-ವಾಪ್’ ಎಂದು ಹೆಸರು. ಆ ಹೆಸರೂ ಅರ್ಥವಿಲ್ಲದ ಹಿಮ್ಮೇಳದ ಸದ್ದೇ. ವಾದ್ಯಕ್ಕೆ ರೊಕ್ಕವಿರದವರು ಗಂಟಲನ್ನೇ ವಾದ್ಯ ಮಾಡಿಕೊಂಡರು. ಒಬ್ಬ ದಪ್ಪ ದನಿಯಲ್ಲಿ ತಳ ಹಿಡಿದರೆ ಇನ್ನೊಬ್ಬ ಕಳ್ಳದನಿಯಲ್ಲಿ ಮೇಲೆ ಹಾರುತ್ತಿದ್ದ. ಅವರಲ್ಲಿ ಒಬ್ಬೊಬ್ಬರದು ಬೇರೆ ಬೇರೆ ಸ್ವರ, ಒಟ್ಟಿಗೇ. ನಮ್ಮಲ್ಲಿ ಎಲ್ಲರದೂ ಒಂದೇ ಸ್ವರ. ಫರಕು ಅಷ್ಟೇ.

ಕಲಿಯುವವರು ಮೊದಲು ತುಂತುಣಿಯ ಒಂಟಿ ತಂತಿಗೆ ಕಿವಿ ಕೊಡಬೇಕು. ಬಾಯಿ ಮುಚ್ಚಿ ‘ಮ್’ ಅಂತ ಆ ಸ್ವರ ಹಿಡಿದು, ಆಮೇಲೆ ‘ಆ’, ಕಡೆಗೆ ‘ಗೀ’. ‘ಈ’ಕಾರ ಮೇಲಿನ ಸ್ವರದಾಗ ಗಂಟಲು ಹಿಸುಕುತ್ತದೆ; ದವಡೆ ಸಡಿಲ ಬಿಟ್ಟು, ತುಸು ‘ಏ’ ಕಡೆ ಬಾಯಿ ತೆರೆದರೆ ದನಿ ಬಿಚ್ಚುತ್ತದೆ. ಉಸಿರು ಎಳೆವಾಗ ಹೆಗಲು ಏಳಬಾರದು, ಪಕ್ಕೆ ಅರಳಬೇಕು.

ಎಲ್ಲಕ್ಕಿಂತ ಕಠಿಣ ಅಂದ್ರ ಎತ್ತಿಕೊಳ್ಳೋದು. ಮುಮ್ಮೇಳದವನ ಕೊನೆಯ ಮಾತು ಆರುವ ಮೊದಲೇ ಹಿಮ್ಮೇಳ ಒಳಗೆ ಬಂದಿರಬೇಕು. ಅವನಿಗೆ ಉಸಿರು ತಗೊಳ್ಳಾಕ, ಮುಂದಿನ ನುಡಿ ನೆನಸಾಕ ಸಿಗೋದು ಅದೊಂದೇ ಹೊತ್ತು. ಅರೆಗಳಿಗೆ ತಡವಾದ್ರ ಪದ ಸತ್ತಂಗ. ಹಿಮ್ಮೇಳದ ಇಬ್ಬರೂ ಒಮ್ಮೆಲೇ ಉಸಿರೆಳೆಯಬಾರದು. ಒಬ್ಬ ಬಿಟ್ಟಾಗ ಇನ್ನೊಬ್ಬ ಹಿಡಿದಿರಬೇಕು, ನೊಗಕ್ಕೆ ಕಟ್ಟಿದ ಜೋಡೆತ್ತಿನಂಗ. ನಿಮ್ಮ ದನಿಯಲ್ಲಿ ಮುಂದಿನವನ ದನಿ ನಿಮಗೇ ಕೇಳದಿದ್ದರೆ ನೀವು ಜೋರಾದಿರಿ ಅಂತ ತಿಳೀರಿ. ಗಂಟಲು ಕೂತರೆ ಎರಡು ದಿನ ಸುಮ್ಮನಿರುವುದು, ಪಿಸುಮಾತು ಕೂಡ ಬ್ಯಾಡ.

ಹಾಡಾಕ ಮುಂದೆ ನಿಲ್ಲೋ ಹುಡುಗರು ಬೇಕಾದಷ್ಟು. ಹಿಂದೆ ನಿಲ್ಲೋರು ಸಿಗೋದೇ ಕಷ್ಟ, ಯಾಕಂದ್ರ ಹೆಸರಿಲ್ಲ. ಬುರ್ರಕಥೆಯ ನಾಜರ್ (1920–1997) ಅವರಿಗೆ 1986ರಲ್ಲಿ ಪದ್ಮಶ್ರೀ ಬಂತು, ನ್ಯಾಯವೇ. ಆದರೆ ಬುರ್ರಕಥೆಯಲ್ಲಿ ಒಂದು ಪಕ್ಕ ಹಾಸ್ಯದ ವಂತ, ಇನ್ನೊಂದು ಪಕ್ಕ ರಾಜಕೀಯದ ವಂತ ನಿಲ್ಲದೆ ಕಥೆ ನಡೆಯದು. ಅವರಿಬ್ಬರ ಹೆಸರು ಎಷ್ಟು ಮಂದಿಗೆ ಗೊತ್ತು?

ಜಾತ್ರೆಗೆ ಪಟ್ಟಿ ಎತ್ತುವ ಆಡತ್ ವ್ಯಾಪಾರಿಗಳಿಗೆ ಒಂದು ಮಾತು. ಇರೋ ಒಂದು ಮೈಕು ಮುಂದಿನವನ ಬಾಯಿಗೇ ಅಂಟಿಸಿದರೆ ಹಿಮ್ಮೇಳ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತದೆ. ಮೇಳ ಕರೆಸುವಾಗ ಎರಡನೇ ಮೈಕಿಗೂ ಹೇಳಿಡ್ರಿ, ಕೊಡುವ ರೊಕ್ಕದಾಗ ಹಿಂದಿನವರ ಪಾಲೆಷ್ಟು ಅಂತ ಮೊದಲೇ ಕೇಳಿಕೊಳ್ರಿ.