ಬಿದ್ದ ಲ್ಯಾಪ್‌ಟಾಪಿನ ಪರದೆ: ಏಟು ತಗುಲಿದ್ದು ಯಾವ ಪದರಕ್ಕೆ?

ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಊರಿನಲ್ಲಿ ಲ್ಯಾಪ್‌ಟಾಪ್ ಕೈಜಾರಿ ಬಿದ್ದು ಪರದೆ ಕೆಟ್ಟರೆ, ಬಹಳ ಸಲ ಅದನ್ನು ಚೀಲಕ್ಕೆ ಹಾಕಿಕೊಂಡು ಬೀರೂರಿಗೋ ತರೀಕೆರೆಗೋ ಹೊರಡಬೇಕಾಗುತ್ತದೆ. ಬೇಕಾದ ಭಾಗ ಅಲ್ಲಿಯೂ ಸಿಗದಿದ್ದರೆ ಶಿವಮೊಗ್ಗದಿಂದಲೋ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ತರಿಸಬೇಕು. ಮಕ್ಕಳ ಓದಿಗೆಂದು ದುಡ್ಡು ಕೂಡಿಟ್ಟು ಕೊಂಡ ಮನೆಗೆ ಇದು ಸಣ್ಣ ಪೆಟ್ಟಲ್ಲ. ಆದರೆ ‘ಸ್ಕ್ರೀನ್ ಹೋಯ್ತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಹಲವು ಬೇರೆ ಬೇರೆ ದೋಷಗಳಿವೆ. ಕೇಬಲ್ ಸಡಿಲವಾಗಿದ್ದರೆ ಅಲ್ಪ ಖರ್ಚು, ಗಾಜು ಒಡೆದಿದ್ದರೆ ಸಾವಿರಾರು ರೂಪಾಯಿ. ಯಾವುದು ಕೆಟ್ಟಿದೆ ಎಂಬುದನ್ನು ಊರು ಬಿಡುವ ಮೊದಲೇ, ಸ್ಕ್ರೂಡ್ರೈವರ್ ಮುಟ್ಟದೆಯೇ, ಬಹುಮಟ್ಟಿಗೆ ಕಂಡುಹಿಡಿಯಬಹುದು. ಅದಕ್ಕೆ ಪರದೆಯೊಳಗೆ ಬೆಳಕು ನಡೆಯುವ ದಾರಿ ತಿಳಿದಿದ್ದರೆ ಸಾಕು.

ಎಲ್‌ಸಿಡಿ ಪರದೆಯ ತೀರ ಹಿಂದೆ, ಒಂದು ಅಂಚಿನುದ್ದಕ್ಕೂ ಸಣ್ಣ ಎಲ್‌ಇಡಿ ದೀಪಗಳ ಸಾಲಿರುತ್ತದೆ. ಪಾರದರ್ಶಕ ಹಲಗೆಯೊಂದು ಆ ಬೆಳಕನ್ನು ಪರದೆಯಗಲ ಹರಡುತ್ತದೆ. ಇದು ಬ್ಯಾಕ್‌ಲೈಟ್. ಅದರ ಮುಂದೆ ಎರಡು ಪೋಲರೈಸರ್ ಹಾಳೆಗಳು, ಅವುಗಳ ನಡುವೆ ಎರಡು ತೆಳು ಗಾಜು, ಆ ಗಾಜುಗಳ ನಡುವೆ ಕೆಲವೇ ಮೈಕ್ರಾನ್ ದಪ್ಪದ ದ್ರವಸ್ಫಟಿಕ. ನೆಟ್ಟ ಸರಳಿನ ಕಿಟಕಿಯಲ್ಲಿ ಉದ್ದನೆಯ ಕೋಲನ್ನು ನಿಲ್ಲಿಸಿ ಹಿಡಿದರೆ ದಾಟುತ್ತದೆ, ಅಡ್ಡ ಹಿಡಿದರೆ ಸಿಕ್ಕಿಕೊಳ್ಳುತ್ತದೆ. ಪೋಲರೈಸರ್ ಕೂಡ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ. ಮೊದಲ ಹಾಳೆ ದಾಟಿದ ಬೆಳಕಿನ ದಿಕ್ಕನ್ನು ಎರಡನೆಯದಕ್ಕೆ ಹೊಂದುವಂತೆ ತಿರುಗಿಸುವುದು ದ್ರವಸ್ಫಟಿಕದ ಕೆಲಸ. ಎಷ್ಟು ತಿರುಗಿಸಬೇಕೆಂದು ಪರದೆಯ ಒಂದೊಂದು ಬಿಂದುವಿಗೂ ಹೇಳುವುದು ವಿದ್ಯುತ್ತು. 1366×768ರ ಸಾಧಾರಣ ಪರದೆಯಲ್ಲಿ ಇಂಥ ಬಿಂದುಗಳು ಹತ್ತು ಲಕ್ಷಕ್ಕೂ ಹೆಚ್ಚು. ಪ್ರತಿ ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿಯ ಮೂರು ತುಣುಕು.

ದ್ರವದಂತೆ ಹರಿಯುತ್ತಲೇ ಹರಳಿನ ಶಿಸ್ತನ್ನೂ ಉಳಿಸಿಕೊಳ್ಳುವ ಈ ವಸ್ತುವನ್ನು 1888ರಲ್ಲಿ ಮೊದಲು ಗಮನಿಸಿದವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್. ಅದರ ಚರಿತ್ರೆಯಲ್ಲಿ ಕರ್ನಾಟಕದ್ದೂ ದೊಡ್ಡ ಪಾಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದ್ದ ಎಸ್. ಚಂದ್ರಶೇಖರ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಕಡ್ಡಿಯಂಥ ಅಣುಗಳಷ್ಟೇ ಈ ಸ್ಥಿತಿಗೆ ಬರುತ್ತವೆ ಎಂದು ತಿಳಿದಿದ್ದ ಕಾಲದಲ್ಲಿ, 1977ರಲ್ಲಿ, ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಜೊತೆಗೂಡಿ ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಆ ಪ್ರಬಂಧ ಅಚ್ಚಾದದ್ದು ನಮ್ಮ ದೇಶದ್ದೇ ಆದ ಭೌತವಿಜ್ಞಾನ ಪತ್ರಿಕೆ ‘ಪ್ರಮಾಣ’ದಲ್ಲಿ. ಪಕ್ಕದಿಂದ ನೋಡಿದಾಗ ಚಿತ್ರ ಮಂಕಾಗದಿರಲೆಂದು ಮುಂದೆ ಪರದೆಗಳಿಗೆ ಅಂಟಿಸಿದ ಒಂದು ಬಗೆಯ ಹಾಳೆಯಲ್ಲಿ ಇದೇ ಬಿಲ್ಲೆ ಅಣುಗಳನ್ನು ಬಳಸಲಾಯಿತು.

ಈಗ ಬೀಳುವ ಮಾತಿಗೆ ಬರೋಣ. ಮುಕ್ಕಾಲು ಮೀಟರ್ ಎತ್ತರದ ಮೇಜಿನಿಂದ ಬಿದ್ದ ಲ್ಯಾಪ್‌ಟಾಪ್ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 14 ಕಿಲೋಮೀಟರ್. ಸಿಮೆಂಟು ನೆಲದ ಮೇಲೆ ಆ ವೇಗವೆಲ್ಲ ಕೆಲವೇ ಮಿಲಿಮೀಟರಿನಲ್ಲಿ ನಿಲ್ಲಬೇಕು. ಮೂಲೆಗೆ ಏಟು ಬಿದ್ದರೆ ಮುಚ್ಚಳ ತಿರುಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಬಾಗಿ ಮತ್ತೆ ನೇರವಾಗುತ್ತದೆ. ಗಾಜು ಬಾಗಲಾರದೆ ಸೀಳುತ್ತದೆ. ಗಾಜಿನ ಮೇಲೆ ಪ್ಲಾಸ್ಟಿಕ್ಕಿನ ಪೋಲರೈಸರ್ ಅಂಟಿರುವುದರಿಂದ ಬೆರಳಾಡಿಸಿದರೆ ಪರದೆ ನುಣ್ಣಗೇ ಇರಬಹುದು. ಆದರೆ ಹೊತ್ತಿಸಿದಾಗ ಜೇಡರಬಲೆಯಂಥ ಗೆರೆ, ಮಸಿ ಚೆಲ್ಲಿದಂಥ ಕಪ್ಪು ಕಲೆ ಕಾಣುತ್ತದೆ. ದ್ರವಸ್ಫಟಿಕ ತನ್ನ ಜಾಗ ಬಿಟ್ಟಿದೆ ಎಂಬುದರ ಗುರುತು ಅದು. ಬಿರುಕು ಮುಂದುವರಿದಂತೆ ಕಲೆಯೂ ಹಬ್ಬುತ್ತದೆ. ಇದನ್ನು ಅಂಟಿಸಿ ಸರಿಮಾಡಲು ಬರುವುದಿಲ್ಲ, ಪ್ಯಾನೆಲ್ಲನ್ನೇ ಬದಲಿಸಬೇಕು.

ಬಿರುಕು, ಕಲೆ ಇಲ್ಲದಿದ್ದರೆ ತನಿಖೆ ಶುರುಮಾಡಬೇಕು. ಮೊದಲು ಯಂತ್ರ ಬದುಕಿದೆಯೇ ನೋಡಿ: ಫ್ಯಾನಿನ ಸದ್ದು ಬರುತ್ತದೆಯೇ, ಕ್ಯಾಪ್ಸ್‌ಲಾಕ್ ಒತ್ತಿದರೆ ದೀಪ ಹತ್ತುತ್ತದೆಯೇ? ಆಮೇಲೆ ಎಚ್‌ಡಿಎಂಐ ಕೇಬಲಿನಿಂದ ಮನೆಯ ಟಿ.ವಿ.ಗೆ ಜೋಡಿಸಿ. ಚಿತ್ರ ತಾನಾಗಿ ಬರದಿದ್ದರೆ ವಿಂಡೋಸ್ ಕೀಲಿಯ ಜೊತೆ ‘ಪಿ’ ಒತ್ತಿ ನೋಡಿ. ಟಿ.ವಿ.ಯಲ್ಲಿ ಚಿತ್ರ ಸ್ವಚ್ಛವಾಗಿ ಬಂದರೆ ಪ್ರೊಸೆಸರ್, ಗ್ರಾಫಿಕ್ಸ್ ಸರಿಯಾಗಿವೆ. ದೋಷವಿರುವುದು ಮುಚ್ಚಳದಲ್ಲಿ ಅಥವಾ ಅಲ್ಲಿಗೆ ಹೋಗುವ ದಾರಿಯಲ್ಲಿ. ಟಿ.ವಿ.ಯಲ್ಲೂ ಅದೇ ಗೆರೆಗಳು ಕಂಡರೆ ಹೊಸ ಪ್ಯಾನೆಲ್ ಕೊಳ್ಳುವುದು ವ್ಯರ್ಥ.

ಪರದೆ ಪೂರ್ತಿ ಕಪ್ಪಾಗಿದ್ದರೆ ಕೋಣೆ ಕತ್ತಲೆ ಮಾಡಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಮಸುಕಾಗಿ ಚಿತ್ರ ಕಂಡರೆ ದ್ರವಸ್ಫಟಿಕ ಕೆಲಸ ಮಾಡುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ. ಆಗ ದೋಷ ಎಲ್‌ಇಡಿ ಸಾಲಿನಲ್ಲೋ, ಕೇಬಲಿನಲ್ಲೋ, ಮದರ್‌ಬೋರ್ಡಿನ ಪುಟ್ಟ ಫ್ಯೂಸಿನಲ್ಲೋ ಇರುತ್ತದೆ. ಬ್ಯಾಕ್‌ಲೈಟೇ ಇಲ್ಲದ ಒಎಲ್‌ಇಡಿ ಪರದೆಗೆ ಈ ಪರೀಕ್ಷೆ ನಡೆಯದು.

ಮುಚ್ಚಳವನ್ನು ಮೆಲ್ಲಗೆ ಹಿಂದೆಮುಂದೆ ಆಡಿಸಿದಾಗ ಚಿತ್ರ ಬಂದು ಹೋಗಿ ಮಾಡಿದರೆ ಅನುಮಾನ ಹಿಂಜಿನ ಬಳಿ ಸುತ್ತಿಕೊಂಡು ಹೋಗುವ ಕೇಬಲಿನ ಮೇಲೆ. ಮುಚ್ಚಳ ಅಲುಗಿಸಿದರೂ ಕದಲದೆ ಒಂದೇ ಜಾಗದಲ್ಲಿ ನಿಂತ ಉದ್ದ ಗೆರೆಗಳಾದರೆ, ಗಾಜಿನ ಅಂಚಿಗೆ ಅಂಟಿಸಿರುವ ಕೂದಲೆಳೆಯಷ್ಟು ಸಣ್ಣ ಸಂಪರ್ಕಗಳು ಬಿಟ್ಟಿರಬಹುದು. ಇನ್ನೊಂದು ಸುಲಭ ಸಾಕ್ಷಿಯಿದೆ: ಸ್ಕ್ರೀನ್‌ಶಾಟ್ ತೆಗೆದು ಫೋನಿಗೆ ಕಳಿಸಿ. ಅದರಲ್ಲಿ ಗೆರೆ ಇಲ್ಲದಿದ್ದರೆ ಸಾಫ್ಟ್‌ವೇರಿನ ಮೇಲೆ ತಪ್ಪು ಹೊರಿಸಿ ಮತ್ತೆ ವಿಂಡೋಸ್ ಹಾಕಿಸುವ ಅಗತ್ಯವೇ ಇಲ್ಲ.

ರಿಪೇರಿಗಿಂತ ಮುಂಚೆ ಫೈಲುಗಳನ್ನು ಬೇರೆಡೆ ನಕಲು ಮಾಡಿಕೊಳ್ಳಿ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಯಂತ್ರವಾದರೆ ಪರದೆ ಒಡೆದ ಏಟು ಅದಕ್ಕೂ ತಗುಲಿರಬಹುದು. ಹೊಸ ಪ್ಯಾನೆಲ್ ತರಿಸುವಾಗ ಲ್ಯಾಪ್‌ಟಾಪಿನ ಹೆಸರೊಂದನ್ನೇ ಹೇಳಿದರೆ ಸಾಲದು, ಒಂದೇ ಮಾದರಿಯಲ್ಲಿ ಬೇರೆ ಬೇರೆ ಪ್ಯಾನೆಲ್‌ಗಳಿರುತ್ತವೆ. ಹಳೆಯ ಪ್ಯಾನೆಲ್ಲಿನ ಬೆನ್ನಿಗಿರುವ ಚೀಟಿಯ ಸಂಖ್ಯೆ, ಅಳತೆ, ರೆಸಲ್ಯೂಷನ್, ಕನೆಕ್ಟರಿನಲ್ಲಿ 30 ಪಿನ್ನೋ 40 ಪಿನ್ನೋ, ಅದು ಯಾವ ಬದಿಯಲ್ಲಿದೆ, ಸ್ಕ್ರೂ ಹಾಕುವ ಕಿವಿಗಳಿವೆಯೇ, ಟಚ್ ಇದೆಯೇ ಎಂಬುದೆಲ್ಲ ಹೊಂದಬೇಕು.

ಬಿಚ್ಚುವವರು ಮರೆಯಬಾರದ ನಿಯಮ ಒಂದಿದೆ. ಚಾರ್ಜರ್ ಕಿತ್ತರೆ ಸಾಲದು, ಒಳಗಿನ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿಯೇ ಪರದೆಯ ಕೇಬಲ್ ಮುಟ್ಟಬೇಕು. ಬ್ಯಾಕ್‌ಲೈಟಿಗೆ ಹೋಗುವ ವಿದ್ಯುತ್ತೂ ಅದೇ ಕೇಬಲಿನಲ್ಲಿದೆ. ಪಿನ್ನು ಓರೆಯಾಗಿ ತಾಗಿದರೆ ಫ್ಯೂಸ್ ಸುಟ್ಟು, ಹೊಸ ಪ್ಯಾನೆಲ್ಲೂ ಕತ್ತಲೆಯಾಗಿಯೇ ಉಳಿಯುತ್ತದೆ. ಹಿಂಜಿನ ಬುಡದ ಪ್ಲಾಸ್ಟಿಕ್ ಬಿರಿದಿದ್ದರೆ ಅದನ್ನೂ ಸರಿಪಡಿಸಬೇಕು. ಇಲ್ಲವಾದರೆ ಪ್ರತಿ ಸಲ ತೆರೆದಾಗಲೂ ಆ ಒತ್ತಡ ಹೊಸ ಗಾಜಿನ ಮೇಲೆ ಬೀಳುತ್ತದೆ. ಫ್ರೇಮ್ ಕೂರಿಸುವ ಮುನ್ನವೇ ಚಾಲೂ ಮಾಡಿ ಪರೀಕ್ಷಿಸಬೇಕು. ತೆಗೆದ ಪ್ಯಾನೆಲ್ ಇ-ತ್ಯಾಜ್ಯಕ್ಕೆ ಹೋಗಬೇಕು, ತಿಪ್ಪೆಗಲ್ಲ. ಎಲ್‌ಇಡಿಗಿಂತ ಮುಂಚಿನ ಪರದೆಗಳ ಕೊಳವೆದೀಪಗಳಲ್ಲಿ ಪಾದರಸವಿದೆ.

ಇದನ್ನೆಲ್ಲ ಕೈಯಾರೆ ಮಾಡುವ ಧೈರ್ಯ ಎಲ್ಲರಿಗೂ ಇರಬೇಕಾಗಿಲ್ಲ, ಪರೀಕ್ಷೆಗಳನ್ನಂತೂ ಯಾರಾದರೂ ಮಾಡಬಹುದು. ಟಿ.ವಿ.ಯಲ್ಲಿ ಚಿತ್ರ ಬಂತೇ, ಟಾರ್ಚಿಗೆ ಕಂಡಿತೇ, ಮುಚ್ಚಳ ಆಡಿಸಿದರೆ ಬದಲಾಯಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಗೆ ಒಯ್ಯಿರಿ. ಒಳ್ಳೆಯ ಮೆಕ್ಯಾನಿಕ್‌ಗೆ ಅದರಿಂದ ಅರ್ಧ ಕೆಲಸ ಉಳಿಯುತ್ತದೆ. ಕೇಬಲಿನಲ್ಲಿ ಮುಗಿಯುವ ಕೆಲಸಕ್ಕೆ ಪ್ಯಾನೆಲ್ಲಿನ ದುಡ್ಡು ತೆರುವುದೂ ನಿಮಗೆ ತಪ್ಪುತ್ತದೆ.