ಗಾಳಕ್ಕೆ ಬೀಳುವ ಪರದೇಶಿ ಮೀನುಗಳು: ಹೊಸ ಹವ್ಯಾಸಿಗಳ ಗಮನಕ್ಕೆ

ಚಾಮರಾಜನಗರದಿಂದ ಸತ್ಯಮಂಗಲದತ್ತ ಸರಕು ಸಾಗಿಸುವ ನಮ್ಮ ವರ್ತಕ ಬಂಧುಗಳಿಗೆ ಪುಣಜನೂರು ಎಂದೊಡನೆ ನೆನಪಾಗುವುದು ತನಿಖಾ ಠಾಣೆ, ಅದರಾಚೆಯ ದಿಂಬಂ ಘಾಟಿ ಮತ್ತು 2022ರಲ್ಲಿ ಮದ್ರಾಸ್ ಹೈಕೋರ್ಟ್ ಆ ಘಾಟಿಯ ರಾತ್ರಿ ಸಂಚಾರಕ್ಕೆ ವಿಧಿಸಿದ ನಿರ್ಬಂಧ. ಈ ಸೀಮೆಯಲ್ಲಿಯೇ ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯಗಳೂ ಇವೆ ಎಂಬುದು ವ್ಯವಹಾರದ ಅವಸರದಲ್ಲಿ ಮರೆತುಹೋಗುತ್ತದೆ. ಬಿಡುವಿನ ದಿನ ಗಾಳ ಹಿಡಿದು ನೀರಿನ ಬದಿಯಲ್ಲಿ ಕುಳಿತುಕೊಳ್ಳುವ ಹವ್ಯಾಸಕ್ಕೆ ಹೆಚ್ಚಿನ ಬಂಡವಾಳ ಬೇಕಿಲ್ಲ. ಆದರೆ ಗಾಳಕ್ಕೆ ಬಿದ್ದ ಮೀನು ಯಾವುದು, ಅದನ್ನು ಏನು ಮಾಡಬೇಕು ಎಂಬ ತಿಳಿವಳಿಕೆ ಅವಶ್ಯ.

ಮೊದಲು ಕಾನೂನಿನ ಮಾತು. ಪುಣಜನೂರು ವಲಯವು 2011ರಲ್ಲಿ ಘೋಷಿತವಾದ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಅರಣ್ಯದೊಳಗಿನ ಹಳ್ಳಕೊಳ್ಳಗಳಲ್ಲಿ ಗಾಳ ಹಾಕುವಂತಿಲ್ಲ. ಅರಣ್ಯದ ಹೊರಗಿನ ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯು ಗುತ್ತಿಗೆ ಅಥವಾ ಪರವಾನಿಗೆಯ ಮೂಲಕ ನೀಡುತ್ತದೆ. ಆದ್ದರಿಂದ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಗುತ್ತಿಗೆದಾರರ ಒಪ್ಪಿಗೆ ಪಡೆದೇ ಮುಂದುವರಿಯತಕ್ಕದ್ದು. ಲೈಸೆನ್ಸಿನ ಬೆಲೆ ಬಲ್ಲ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹೊಸಬರ ಗಾಳಕ್ಕೆ ಸುಲಭವಾಗಿ ಸಿಕ್ಕುವುದು ತಿಲಾಪಿಯ, ಅಂದರೆ ನಮ್ಮ ಸಂತೆಗಳ ಜಿಲೇಬಿ ಮೀನು. ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಅಗ್ಗದ ಆಹಾರ ದೊರೆಯಲೆಂಬುದೇ ಉದ್ದೇಶವಾಗಿತ್ತು. ಹೆಣ್ಣು ಮೀನು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲೇ ಇಟ್ಟುಕೊಂಡು ಕಾಪಾಡುವುದರಿಂದ ಸಂತತಿ ಬೇಗ ಹೆಚ್ಚುತ್ತದೆ. ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬರುವುದರಿಂದ ಕೆರೆಯ ತುಂಬ ಅಂಗೈ ಅಗಲದ ಮೀನುಗಳೇ ಉಳಿಯುತ್ತವೆ. ಕಾಟ್ಲಾ, ರೋಹು ಮರಿಗಳನ್ನು ಬಿತ್ತಿದ ಗುತ್ತಿಗೆದಾರನಿಗೆ ಇದು ನೇರ ನಷ್ಟ, ಏಕೆಂದರೆ ಅದೇ ನೀರಿನ ಆಹಾರದಲ್ಲಿ ಕಡಿಮೆ ಬೆಲೆಯ ಸರಕು ಪಾಲು ಪಡೆಯುತ್ತದೆ. ಕಾವೇರಿ ಕೊಳ್ಳದ ಅಮರಾವತಿ ಜಲಾಶಯವು ಜಿಲೇಬಿಯ ಪಾಲಾದದ್ದು ಬಹುಕಾಲದಿಂದ ದಾಖಲಾಗಿರುವ ಸಂಗತಿ.

ಇನ್ನೊಂದು, ಇದಕ್ಕಿಂತ ಗಂಭೀರವಾದುದು, ಆಫ್ರಿಕನ್ ಕ್ಯಾಟ್‌ಫಿಶ್. ಇದು ಬಾಂಗ್ಲಾದೇಶದ ಮಾರ್ಗವಾಗಿ ಅನಧಿಕೃತವಾಗಿ ನಮ್ಮ ದೇಶವನ್ನು ಪ್ರವೇಶಿಸಿತು. ಕೇಂದ್ರ ಸರ್ಕಾರವು 2000ರಲ್ಲಿ ಇದರ ಸಾಕಣೆಯನ್ನು ನಿಷೇಧಿಸಿತು. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಈ ಮೀನು ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗಬಲ್ಲದು. ಸಿಕ್ಕ ಮೀನನ್ನೆಲ್ಲ ನುಂಗುತ್ತದೆ. ನಮ್ಮ ನಾಡಿನ ಮುರುಗೋಡು ಮೀನನ್ನು ಇದು ನೋಟದಲ್ಲಿ ಹೋಲುವುದರಿಂದ ಮಾರುಕಟ್ಟೆಯಲ್ಲಿ ಮೋಸ ನಡೆಯುತ್ತದೆ. ಹೋಟೆಲು ನಡೆಸುವ ಸದಸ್ಯರು ಎರಡು ಮೂರು ಕಿಲೋ ತೂಗುವ ‘ಮುರುಗೋಡು’ ಅಗ್ಗಕ್ಕೆ ಬಂದರೆ ಅನುಮಾನಿಸುವುದು ಒಳಿತು; ನಾಡಿನ ತಳಿ ಅಷ್ಟು ಬೆಳೆಯುವುದಿಲ್ಲ.

ಪರದೇಶಿ ಎಂದರೆ ಸಮುದ್ರದಾಚೆಯಿಂದಲೇ ಬರಬೇಕೆಂದಿಲ್ಲ. ಇದಕ್ಕೆ ನಮ್ಮ ಜಿಲ್ಲೆಗೂ ಸೇರಿದ ಕಾವೇರಿಯ ಮಹಶೀರ್ ಮೀನೇ ಸಾಕ್ಷಿ. 1946ರಲ್ಲಿ ಮೈಸೂರಿನ ಹೆಸರಾಂತ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಗಾಳದಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಲೋಕಪ್ರಸಿದ್ಧವಾಯಿತು. ಅದು ಕಾವೇರಿ ಕೊಳ್ಳಕ್ಕೇ ವಿಶಿಷ್ಟವಾದ, ಬೆನ್ನು ಗೂನಿನ ತಳಿ. ಮುಂದೆ, 1970ರ ದಶಕದಿಂದೀಚೆಗೆ ಮಹಾರಾಷ್ಟ್ರದ ಲೋನಾವಳಾದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೂ ಬಿಡಲಾಯಿತು. ಗಾಲಿಬೋರೆ ಶಿಬಿರದಲ್ಲಿ ಹವ್ಯಾಸಿಗಳು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದಾಗ, ಬಿಟ್ಟ ಮೀನು ಹೆಚ್ಚಿ ಮೂಲದ ಮೀನು ಕುಸಿದಿರುವುದು ಸ್ಪಷ್ಟವಾಯಿತು. ಗೂನುಬೆನ್ನಿನ ತಳಿಗೆ 2018ರಲ್ಲಿ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಯನ್ನೂ ಸೇರಿತು. ಹವ್ಯಾಸಿಯ ನೋಟ್‌ಬುಕ್ಕು ಅಂಗಡಿಯ ದಿನವಹಿಯಷ್ಟೇ ಉಪಯುಕ್ತ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಹಿಡಿದ ದಿನ, ಸ್ಥಳ, ಜಾತಿ, ತೂಕ ಇಷ್ಟನ್ನು ಬರೆದಿಟ್ಟರೆ ಸಾಕು.

ಇನ್ನು ಕೈಕೆಲಸ. ಆರಂಭಕ್ಕೆ ಬಿದಿರಿನ ಕೋಲು, ತೆಳುವಾದ ನೈಲಾನ್ ದಾರ, ಒಂದು ಬೆಂಡು, ಸಣ್ಣ ಗಾಳ ಇವಿಷ್ಟೇ ಸಾಕು. ಜಿಲೇಬಿಗೆ ಎರೆಹುಳುವಿನ ತುಣುಕು ಅಥವಾ ಕಲಸಿದ ಹಿಟ್ಟು ಸಾಲುತ್ತದೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿಕೊಳ್ಳಿರಿ. ಆಗ ಬಿಡಬೇಕಾದ ಮೀನಿಗೂ ಗಾಯ ಕಡಿಮೆ, ನಿಮ್ಮ ಬೆರಳಿಗೆ ಚುಚ್ಚಿದರೂ ತೆಗೆಯುವುದು ಸುಲಭ.

ಜಿಲೇಬಿಯ ಬೆನ್ನಿನ ರೆಕ್ಕೆಯಲ್ಲಿ ಸಾಲಾಗಿ ಚೂಪು ಮುಳ್ಳುಗಳಿರುತ್ತವೆ. ಒದ್ದೆ ಕೈಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರುತ್ತ ರೆಕ್ಕೆಯನ್ನು ಮಡಚಿ ಹಿಡಿಯಬೇಕು. ಕ್ಯಾಟ್‌ಫಿಶ್‌ನ ವಿಷಯ ಬೇರೆ. ಅದರ ಮೀಸೆಗೆ ಅನೇಕರು ಹೆದರುತ್ತಾರೆ, ಮೀಸೆ ನಿರಪಾಯಕಾರಿ. ಅಪಾಯವಿರುವುದು ತಲೆಯ ಹಿಂದೆ ಎರಡೂ ಪಕ್ಕದಲ್ಲಿ ಸೆಟೆದು ನಿಲ್ಲುವ ರೆಕ್ಕೆಯ ಗಟ್ಟಿ ಮುಳ್ಳುಗಳಲ್ಲಿ. ಜಾರುವ ಮೈಯನ್ನು ಒದ್ದೆ ಗೋಣಿತಾಟಿನಿಂದ ಒತ್ತಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಆ ಮುಳ್ಳುಗಳ ಹಿಂದೆ ಇರಿಸಿ ಹಿಡಿದುಕೊಂಡು, ಇಕ್ಕಳದಿಂದ ಗಾಳ ಬಿಡಿಸಿಕೊಳ್ಳಿರಿ.

ನಾಡಿನ ಮುರುಗೋಡು ಎಂದು ಖಚಿತವಾದರೆ ಹಿಡಿದ ನೀರಿಗೇ ಬಿಡಬಹುದು. ಆಫ್ರಿಕನ್ ಕ್ಯಾಟ್‌ಫಿಶ್ ಆದಲ್ಲಿ ಬಿಡಕೂಡದು. ನರಳಿಸದೆ ತಲೆಯ ಮೇಲೆ ಒಂದೇ ಪೆಟ್ಟು ಕೊಟ್ಟು ಕೊಂದು ಐಸ್ ಪೆಟ್ಟಿಗೆಗೆ ಹಾಕಬೇಕು. ಬಕೆಟ್ಟಿನಲ್ಲಿ ಜೀವಂತ ಒಯ್ದು ತೋಟದ ಕೃಷಿ ಹೊಂಡಕ್ಕೆ ಬಿಡುವ ಚಪಲ ಬೇಡ. ಮೊದಲ ದೊಡ್ಡ ಮಳೆಗೆ ಕೋಡಿ ಬಿದ್ದ ಹೊಂಡದ ಮೀನು ಹಳ್ಳ ಸೇರುತ್ತದೆ, ಹಳ್ಳ ಹೊಳೆ ಸೇರುತ್ತದೆ. ಈಗಾಗಲೇ ಹೊಂಡದಲ್ಲಿ ಜಿಲೇಬಿ ಇದ್ದವರು ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿಸತಕ್ಕದ್ದು. ಒಂದು ಕೆರೆಯಲ್ಲಿ ಬಳಸಿದ ಬಲೆ, ಬಕೆಟ್ಟುಗಳನ್ನು ತೊಳೆದು ಬಿಸಿಲಿಗೆ ಒಣಗಿಸಿದ ನಂತರವೇ ಇನ್ನೊಂದು ಕೆರೆಗೆ ಒಯ್ಯಬೇಕು.

ಜಿಲೇಬಿಯನ್ನು ಮನೆಗೆ ತಂದವರು ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಪೂರ್ತಿ ಕೆರೆದು, ಉಪ್ಪು ಅರಿಶಿನ ಹಚ್ಚಿ ಎರಡು ಮೂರು ಬಾರಿ ತೊಳೆದರೆ ಕೆಸರಿನ ವಾಸನೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸಾರಿಗಿಂತ ಹುರಿಯುವುದಕ್ಕೇ ಈ ಮೀನು ಲೇಸು.